ಒಂಬತ್ತು ಗುಡ್ಡೆ

ಅವನು ಬಂದದ್ದು ಹಾಕಿಗಲ್ಲ.
ನಮ್ಮ ಕಾಫಿ ಕೊಳ್ಳುವ ಪ್ರಾಗಿನ ವ್ಯಾಪಾರಿಯ ಭಾವ, ಓಲ್ದ್ರಿಖ್.
ಕೋಚ್ ಕೆಲಸ ಹೋಗಿ ಹನ್ನೆರಡು ದಿನ.
"ಗೋಡೆ ನೋಡ್ತಾ ಕೂತಿದ್ದ, ಕರಕೊಂಡು ಬಂದೆ"
ಅಂದ ವ್ಯಾಪಾರಿ, ಲಗೇಜಿನ ಹಾಗೆ ಅವನನ್ನು
ಪೊನ್ನಂಪೇಟೆಯ ನಮ್ಮ ಕಣದ ಅಂಚಿಗೆ ಇಳಿಸಿ
ಚಿಕ್ಕಪ್ಪನೊಡನೆ ದರದ ಮಾತಿಗೆ ಹೋದ.

ಕಣದ ತುಂಬ ಚೆರಿ, ಫೆಬ್ರವರಿ ಬಿಸಿಲು.
ನಾನು ಎಳೆಯುತ್ತಿದ್ದ ಮರದ ಹಲಗೆ ಇಸಕೊಂಡ,
ಹಿಡಿ ತಿರುಗಿಸಿದ, ತೂಗಿದ,
ಒಂದು ಸಲ ಉದ್ದಕ್ಕೂ ಓಡಿಸಿದ.
ಕೋಲು ಹಿಡಿದ ಕೈ ಅಂತ ಆಗಲೇ ತಿಳಿಯಿತು.
"ನಾವೂ ಹಾಕಿಯವರೇ" ಅಂದೆ.
"ಐಸ್ ಎಲ್ಲಿ?" ಅಂದ.
"ಫ್ರಿಜ್ಜಿನಲ್ಲಿ" ಅಂದಳು ಒಳಗಿಂದ ಬೊಳ್ಳವ್ವಜ್ಜಿ.

ಇಂಗ್ಲಿಷು ಅವನಿಗೆ ಅಷ್ಟಿಷ್ಟು, ನನಗೂ ಅಷ್ಟೇ.
ಮಾತು ಸಾಲದೆ ಚೆರಿಯನ್ನು ಗುಡ್ಡೆ ಮಾಡಿದ.
ಇದು ತ್ರೆಬೀಚ್, ಎರಡು ವರ್ಷ.
ಇದು ಝ್ಲಿನ್, ನಲವತ್ತು ದಿನ.
ಇದರ ಹೆಸರು ಬೇಡ, ಅಧ್ಯಕ್ಷನ ಮಗನೇ ಗೋಲ್‌ಕೀಪರು.
ಇಲ್ಲಿ ಗೆದ್ದೆವು: ಊರಿಗೆ ಊರೇ ಹೆಗಲ ಮೇಲೆ ಹೊತ್ತಿತು,
ಮುಂದಿನ ನವೆಂಬರಿಗೆ ಅದೇ ಹೆಗಲು
ನೋಡಿಯೂ ನೋಡದ ಹಾಗೆ ಪಕ್ಕಕ್ಕೆ ಸರಿದವು.
ಇದು ಹೆಂಡತಿ ಬಿಟ್ಟುಹೋದ ಊರು.
ಆ ಗುಡ್ಡೆಯನ್ನು ಚಿಕ್ಕದು ಮಾಡಿದ, ಯೋಚಿಸಿ
ಮತ್ತೆ ದೊಡ್ಡದು ಮಾಡಿದ.
ಒಂಬತ್ತು.
"ತೆಗೆಯೋದು ಯಾವಾಗಲೂ ಚಳಿಗಾಲದಲ್ಲೇ.
ಬೇಸಿಗೆಯಲ್ಲಿ ಯಾರಿಗೂ ನಮ್ಮ ನೆನಪಿರೋದಿಲ್ಲ."
ಸಂಜೆ ಚುಂಡ ಬಂದು ಒಂಬತ್ತನ್ನೂ
ಒಂದೇ ರಾಶಿ ಮಾಡಿ ಟಾರ್ಪಾಲು ಎಳೆದ.

ಒಕ್ಕದ ಟೀಮಿಗೆ ಆ ವರ್ಷ ನಾನೇ ಕೀಪರು.
ಬೇರೆ ಯಾರ ಕಾಲಿಗೂ ಪ್ಯಾಡು ಹಿಡಿಸಲಿಲ್ಲ, ಅದಕ್ಕೆ.
ಬೆಳಗಿನ ಮೈದಾನದಲ್ಲಿ ಮೊಣಕಾಲ ತನಕ ಮಂಜು.
ಅವನು ಅದರೊಳಗಿಳಿದು
ಒಂದು ಬೂಟು ಮುಂದಕ್ಕೆ ಜಾರಿಸಿ ನೋಡಿದ.
ಜಾರಲಿಲ್ಲ. ಬಂದಮೇಲೆ ಮೊದಲ ಸಲ ನಕ್ಕ.

ಎರಡು ಕಂಬಕ್ಕೆ ದನ ಕಟ್ಟುವ ಎರಡು ಹಗ್ಗ,
ತುದಿಗಳೆರಡೂ ಅವನ ಮುಷ್ಟಿಯಲ್ಲಿ, ಚೆಂಡಿರುವ ಜಾಗದಲ್ಲಿ.
ಗೆರೆಯ ಮೇಲೆ ನಿಂತೆ: ಆಚೆ ಈಚೆ ಎಷ್ಟೊಂದು ಬಯಲು.
"ಬಾ" ಅಂದ. ಒಂದು ಹೆಜ್ಜೆ. "ಬಾ."
ನಾಲ್ಕನೆಯದಕ್ಕೆ ಹಗ್ಗ ನನ್ನ ಎರಡೂ ಮೊಣಕೈ ಮುಟ್ಟಿತು.
"ಹೊಡೆಯುವವನಿಗೆ ಈಗ ಕಾಣೋದು ನೀನೊಬ್ಬಳೇ."
ಹತ್ತೊಂಬತ್ತು ವರ್ಷಕ್ಕೆ
ಅಂಥ ಮಾತು ನನಗೆ ಯಾರೂ ಹೇಳಿರಲಿಲ್ಲ.

ಕಾಫಿ ಹೂ ಬಿಡುವ ಮೊದಲೇ ಹೊರಟುಹೋದ.
ಏಪ್ರಿಲಿನಲ್ಲಿ ನಾಪೋಕ್ಲು, ಎರಡನೇ ಸುತ್ತು.
ನಾಲ್ಕು ಹೆಜ್ಜೆ ಬಂದೆ, ತಡೆದೆ.
ಮತ್ತೆ ಬಂದೆ, ತಡೆದೆ.
ಮೂರನೇ ಸಲ ಎದುರಿಗೆ ಆ ಒಕ್ಕದ ಹಿರಿಯ,
ಬಿಳಿ ಮೀಸೆ, ಅರವತ್ತಾದರೂ ದಾಟಿರಬೇಕು.
ಅವಸರವಿಲ್ಲದೆ ನನ್ನ ಪಕ್ಕದಿಂದ ತಳ್ಳಿದ.
ಖಾಲಿ ಗೋಲಿಗೆ ಚೆಂಡು ನಡೆದುಕೊಂಡೇ ಹೋಯಿತು.
"ಚೋಂದೂ, ಗೆರೆ ಬಿಟ್ಟು ಯಾಕೆ ಬಂದೆ?" ಅಂದರು ಚಿಕ್ಕಪ್ಪ
ಜೀಪಿನಲ್ಲಿ, ಮೂರ್ನಾಡು ದಾಟುವ ತನಕ.

ಇಪ್ಪತ್ತಮೂರು ವರ್ಷ. ಅಮ್ಮತ್ತಿಯ ಹಾಸ್ಟೆಲ್ ಹುಡುಗಿಯರಿಗೆ
ನಾನೇ ಕೋಚ್. ಕೋಚ್ ಆಗಿದ್ದೆ, ಜನವರಿ ಎಂಟರ ತನಕ.
ಸಮಿತಿಯ ಕಾಗದ ಎರಡೇ ಸಾಲು,
ಅದರಲ್ಲೊಂದು ಹೊಸ ವರ್ಷದ ಶುಭಾಶಯ.
ಅಂಗಳದ ಚೆರಿಯಲ್ಲಿ ಒಂದು ಗುಡ್ಡೆ ಮಾಡಿ
ಫೋಟೋ ತೆಗೆದು ಅವನಿಗೆ ಕಳಿಸಿದೆ.
ಐದು ವರ್ಷದ ಮಕ್ಕಳಿಗೆ ಈಗ
ಐಸಿನ ಮೇಲೆ ಕುರ್ಚಿ ತಳ್ಳಿಸಿ ಜಾರುವುದು ಕಲಿಸುತ್ತಾನಂತೆ.
ರಾತ್ರಿ ಉತ್ತರ ಬಂತು:
"ಶಾಬಾಶ್. ಇನ್ನು ಎಂಟು."

ಸಾಮಾನು ಒಪ್ಪಿಸಲು ಮರುದಿನ ಶಾಲೆಗೆ ಹೋದೆ.
ಕೋಲು ಇಪ್ಪತ್ತೆರಡು, ಒಂದಕ್ಕೆ ಬಿರುಕು.
ಪ್ಯಾಡು ಎರಡು ಜೊತೆ. ಶಿಳ್ಳೆ ಒಂದು.
ಗುಮಾಸ್ತೆ ಪೆನ್ಸಿಲ್ ನೆಕ್ಕಿ ನೆಕ್ಕಿ ಗುರುತು ಹಾಕಿದಳು.
ಹಗ್ಗ ಪಟ್ಟಿಯಲ್ಲಿರಲಿಲ್ಲ.
ತಂದೆ.