ತಿರುಪು

ಮಂಗಳವಾರ ಹತ್ತಕ್ಕೆ ಬಾಗಿಲು ತೆಗೆದರೆ
ಮೊದಲು ಒಳಬರುವುದು ಕಣಿವೆಯ ಗಾಳಿ,
ಆಮೇಲೆ ಇಲ್ಟಿಡ್.

ವೇಲ್ಸಿನ ಈ ಊರಿಗೆ ಇದು ಒಂದು ಕಾಲದ ಪ್ರಾರ್ಥನೆಯ ಮನೆ.
ಗಣಿ ಮುಚ್ಚಿತು, ದೇವರಿಗೂ ಗಿರಾಕಿ ಕಮ್ಮಿಯಾಯಿತು,
ಬೀಗ ಬಿತ್ತು. ಹತ್ತು ವರ್ಷ ಪಾರಿವಾಳಗಳ ಸಂಸಾರ.
ಈಗೊಂದು ದತ್ತಿ ಸಂಸ್ಥೆ ಸೋರುವ ಸೂರಿಗೆ ತೇಪೆ ಹಾಕಿ
ಊರಿಗೇ ಬಿಟ್ಟುಕೊಟ್ಟಿದೆ.
ಉಪದೇಶದ ಕಟ್ಟೆಯ ಮೇಲೆ ಸೂಪಿನ ಕೊಳಗ,
ಹಾಡುವವರ ಬೆಂಚಿನ ತುಂಬ ಮಕ್ಕಳ ಹಳೇ ಕೋಟು.
ಗುರುವಾರ ಗಂಡ ಸತ್ತವರು, ಹೆಂಡತಿ ಸತ್ತವರು
ಕುಣಿತ ಕಲಿಯುತ್ತಾರೆ,
ಒಬ್ಬರ ಕಾಲನ್ನೊಬ್ಬರು ತುಳಿದು
ತಪ್ಪಾಯ್ತು ತಪ್ಪಾಯ್ತು ಎಂದು ನಗುತ್ತಾರೆ.

ಇಲ್ಟಿಡ್ ಯಾವ ಗುಂಪಿಗೂ ಸೇರಿದವನಲ್ಲ.
ಎಪ್ಪತ್ತೊಂಬತ್ತು. ಗಣಿಯಲ್ಲಿ ಪಂಪು ಕಾದವನು.
ಮುಂಗೈ ಚರ್ಮದೊಳಗೆ ಇನ್ನೂ ಕಲ್ಲಿದ್ದಲ ನೀಲಿ ಗೀರು.
ಮೊದಲ ದಿನ ಹೊಸ್ತಿಲಲ್ಲೇ ನಿಂತು ಅಂದಿದ್ದ:
"ತಿರುಪೆಗೆ ಬಂದವನಲ್ಲ ನಾನು."
ಸೂಪಿನ ಕಡೆ ಕಣ್ಣೆತ್ತಲಿಲ್ಲ.
ಗೋಡೆಯಲ್ಲಿ ಬಿಸಿನೀರಿನ ಹಳೇ ಹೀಟರು
ತೊಟಕ್, ತೊಟಕ್.
"ಇದೇಕೆ ಅಳುತ್ತಿದೆ?" ಎಂದ.
ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು ಮಂಡಿಯೂರಿದ.
(ದೇವರಿದ್ದಾಗಲೂ ಇಲ್ಲಿ ಕೂತೇ ಬೇಡುತ್ತಿದ್ದರಂತೆ;
ಮಂಡಿಯೂರಿದವನು ಇವನೇ ಮೊದಲು.)
ತಿರುಪು ಬಿಗಿದ.
ಕೆಲಸ ಮಾಡಿದವನು ಟೀ ಕುಡಿಯಬಹುದಲ್ಲ, ಕುಡಿದ.
ಸೂಪೂ ಕುಡಿದ. ಎರಡು ಬಟ್ಟಲು.

ಮುಂದಿನ ಮಂಗಳವಾರ ಅದೇ ಹೀಟರು, ಅದೇ ಹನಿ.
ಅದರಾಚೆಯ ವಾರವೂ.
"ಹಠಮಾರಿ ಮುಂಡೇದು" ಎನ್ನುವಳು ಕೈನ್‌ವೆನ್,
ಕೀಲಿಗೊಂಚಲಿನ ಒಡತಿ,
ಬ್ರೆಡ್ಡು ಕೊಯ್ಯುತ್ತ, ತಲೆಯೆತ್ತದೆ.

ನಾನಿಲ್ಲಿ ಅರ್ಧ ದಿನದ ಗುಮಾಸ್ತೆ.
ದುಡ್ಡು ಕೊಟ್ಟವರಿಗೆ ಮೂರು ತಿಂಗಳಿಗೊಮ್ಮೆ ಲೆಕ್ಕ:
ಬಂದವರೆಷ್ಟು, ಉಂಡವರೆಷ್ಟು,
ಯೋಗಕ್ಷೇಮ ಎಂಬ ಕಿರುಗಲ ಚೌಕದಲ್ಲಿ
ಒಂದರಿಂದ ಹತ್ತರೊಳಗೆ ಒಂದು ಅಂಕಿ.

ಒಂದು ಸೋಮವಾರ ಸಂಜೆ
ಮರೆತ ಕೊಡೆಗೆಂದು ಹಿಂದಿರುಗಿದೆ.
ದೀಪ ಆರಿದ ಹಜಾರದಲ್ಲಿ, ಟಾರ್ಚು ಹಲ್ಲಲ್ಲಿ ಕಚ್ಚಿ,
ಮಂಡಿಯೂರಿದ್ದಾಳೆ ಕೈನ್‌ವೆನ್.
ತಿರುಪನ್ನು ಎಡಕ್ಕೆ ಅರ್ಧ ಸುತ್ತು ಸಡಿಲಿಸಿ
ಕೆಳಗೊಂದು ಬಟ್ಟಲಿಡುತ್ತಿದ್ದಾಳೆ,
ನೆಲ ನೆನೆಯದಿರಲೆಂದು.
ಕೊಡೆಯಿಲ್ಲದೆಯೇ ಮನೆಗೆ ಹೋದೆ, ತೊಯ್ದು ತೊಪ್ಪೆಯಾಗಿ.

ಅವನಿಗೆ ತಿಳಿಯದೆ ಇದ್ದೀತೆ?
ಭೂಮಿಯ ಹೊಟ್ಟೆಯ ನೀರನ್ನು ಕಿವಿಯಲ್ಲೇ ಅಳೆದವನಿಗೆ
ತಾನಾಗಿ ಸಡಿಲುವ ತಿರುಪು ಯಾವುದು,
ಕೈ ಸಡಿಲಿಸಿದ್ದು ಯಾವುದು
ಎಂದು?

ಫೆಬ್ರವರಿಯಲ್ಲಿ ಮಂಜುಗಡ್ಡೆಯ ಮೆಟ್ಟಿಲು ಜಾರಿ
ಕೈನ್‌ವೆನ್ ಸೊಂಟ ಮುರಿದುಕೊಂಡಳು.
ಆ ಸೋಮವಾರ ಯಾರೂ ಮಂಡಿಯೂರಲಿಲ್ಲ.
ನನಗೆ ನೆನಪೇ ಆಗಲಿಲ್ಲ.
ಮಂಗಳವಾರ ಇಲ್ಟಿಡ್ ಬಂದ.
ಹೀಟರು ಬಿಸಿಯಾಗಿ, ಒಣಗಿ, ಒಳ್ಳೇ ಹುಡುಗನ ಹಾಗೆ ಸುಮ್ಮನಿತ್ತು.
ಅದರ ಮುಂದೆ ಬಹಳ ಹೊತ್ತು ನಿಂತ.
ಬಾಗಿಲ ಕಡೆ ನೋಡಿದ.
ಕೋಟಿನ ಗುಂಡಿ ಹಾಕಿಕೊಂಡ, ಬಿಚ್ಚಿದ.
ಆಮೇಲೆ ಬೆನ್ನು ನನ್ನ ಕಡೆ ಮಾಡಿ, ಮೆಲ್ಲನೆ ಬಗ್ಗಿ,
ಎಡಕ್ಕೆ ಅರ್ಧ ಸುತ್ತು.

ತೊಟಕ್.

"ನೋಡಿದೆಯಾ," ಎಂದ, "ಮತ್ತೆ ಶುರುವಾಯ್ತು."
"ಹಠಮಾರಿ ಮುಂಡೇದು," ಎಂದೆ ನಾನು,
ಕೆಟಲಿಗೆ ನೀರು ತುಂಬುತ್ತ, ತಲೆಯೆತ್ತದೆ.

ವರದಿಯಲ್ಲಿ ಬರೆದೆ:
ಹೀಟರು ದುರಸ್ತಿ, ಹನ್ನೆರಡು ಸಲ. ಖರ್ಚು ಇಲ್ಲ.
ಉತ್ತರ ಬಂದಿದೆ, ಬಹಳ ಮರ್ಯಾದೆಯ ಕಾಗದ:
ಹೊಸ ಹೀಟರಿಗೆ ಹಣ ಮಂಜೂರು ಮಾಡುತ್ತಾರಂತೆ.

ಬೇಡ ಎಂದು ಬರೆಯಬೇಕು.
ಕಾರಣಕ್ಕೆ ಅವರು ಬಿಟ್ಟಿರುವ ಜಾಗ
ಎರಡೇ ಸಾಲು.