ಗಿರಾಕಿ

ಬೆಳಗ್ಗೆ ಐದೂಮುಕ್ಕಾಲು. ಗಾಂಧಿ ಬಜಾರಿನ ಹಿಂದಿನ ಓಣಿಯಲ್ಲಿ
ಬುಡನ್ ಸಾಬರ ಅಂಗಡಿಯ ಶಟರು ಅರ್ಧ ಎದ್ದಿದೆ.
ಅಗಲ ಬಾಯಿಯ ಥರ್ಮೋಸು ಹಿಡಿದು ನಿಂತಿದ್ದೇನೆ,
ಒಳಗೆ ಚಹಾ ಅಲ್ಲ, ಪುಡಿ ಮಾಡಿದ ಐಸು.

"ಮೇಡಂ, ನಿಮ್ಮ ಭೇಜಾ ಬಂತು."
ಖೀಮಾಕ್ಕೆ ಕಾದವರು ನಗುತ್ತಾರೆ.
ಇಪ್ಪತ್ತು ನಿಮಿಷದ ಹಿಂದೆ ಅದು ಕುರಿಯದಾಗಿತ್ತು,
ಬಿಸಿ ಇನ್ನೂ ಆರಿಲ್ಲ.
ತಕ್ಕಡಿಗೆ ಹಾಕದೆ ಕೊಡುತ್ತಾರೆ,
ಕಾಲೇಜಿನ ಕೆಲಸಕ್ಕೆ ಎಂಥ ಲೆಕ್ಕ ಅಂತ;
ರಸೀತಿ ಕೇಳಿದರೆ ಮಾತ್ರ ಸಿಟ್ಟು.

ವಿನೋಬನಗರದ ತನಕ ಸ್ಕೂಟಿ.
ರಸ್ತೆಯ ಗುಂಡಿ ಬಂದಾಗ
ಕಾಲ ಬಳಿಯ ಥರ್ಮೋಸನ್ನು ಎರಡೂ ಪಾದದಲ್ಲಿ ಅದುಮುತ್ತೇನೆ.
"ಬಸುರಿ ಹಾಗೆ ಓಡಿಸ್ತೀಯಲ್ಲೇ" ಎಂದಿದ್ದಳು
ವಿಭಾಗ ಗುಡಿಸುವ ಯಮುನಕ್ಕ,
ಆಮೇಲೆ ನಾಲಿಗೆ ಕಚ್ಚಿಕೊಂಡು ಪೊರಕೆ ಜೋರು ಮಾಡಿದಳು.

ಹೆಪ್ಪುಗಟ್ಟಿಸಿ ಕೊಯ್ಯುವುದು.
ಒಂದು ಮಿಲಿಮೀಟರಿಗೆ ಐವತ್ತು ಹೋಳು.
ಗಾಜಿಗೆ ಅಂಟಿದ ಮೇಲೆ
ಇದೆಯೋ ಇಲ್ಲವೋ ಎಂದು
ಬೆಳಕಿಗೆ ಓರೆಯಾಗಿ ಹಿಡಿದು ನೋಡಬೇಕು.
ಹುಡುಕುವುದಂತೂ ಅದಕ್ಕೂ ಚಿಕ್ಕದು:
ಕೋಶದ ಹೊಸ್ತಿಲಲ್ಲಿ
ಅರ್ಧ ಹೊರಗೆ, ಅರ್ಧ ಒಳಗೆ ನಿಂತ ಒಂದು ಪ್ರೋಟೀನು.
ಇನ್ಸುಲಿನ್ ಬಂದು ಕೈ ಹಿಡಿದರೆ
ಒಳಗಿನವರಿಗೆ ಕೂಗಿ ಹೇಳುತ್ತದೆ.
ಪುಸ್ತಕದ ಕನ್ನಡದಲ್ಲಿ ಗ್ರಾಹಿ.

"ಅದರೊಳಗೆ ಏನು ಹುಡುಕ್ತೀರಿ?" ಒಮ್ಮೆ ಕೇಳಿದರು.
ಗ್ರಾಹಿ, ಎಂದೆ.
"ಗಿರಾಕಿನಾ? ಗಿರಾಕಿ ಬಾಗಿಲಲ್ಲೇ ಸಿಗ್ತಾನಲ್ಲ ಮೇಡಂ,
ಅಷ್ಟೊಂದು ಯಾಕೆ ಕೊಯ್ತೀರಿ?"
ತಿದ್ದಲಿಲ್ಲ.
ನನ್ನ ನೋಟ್‌ಬುಕ್ಕಿನ ಅಂಚಿನಲ್ಲಿ ಅಂದಿನಿಂದ
ಪೆನ್ಸಿಲ್ಲಿನ ಒಂದು ಸಣ್ಣ 'ಗಿ'.
ಸರ್ ಕೇಳಿಲ್ಲ, ನಾನು ಹೇಳಿಲ್ಲ.

ಬಣ್ಣ ಹಿಡಿಯಲು ಒಂದು ಇಡೀ ರಾತ್ರಿ ತಣ್ಣಗಿರಬೇಕು.
ಮೆಸ್ಕಾಂನವರು ಎರಡು ಗಂಟೆಗೆ ಕರೆಂಟು ತೆಗೆದರು.
ಫ್ರಿಜ್ಜಿಗೆ ಬೆನ್ನು ಕೊಟ್ಟು ಕೂತೆ,
ಯಾರೂ ಬಾಗಿಲು ತೆರೆಯದ ಹಾಗೆ—
ಇದ್ದವಳು ನಾನೊಬ್ಬಳೇ.

ಬೆಳಗಾದಾಗ ಕಂದು.
ಸಣ್ಣ ಮೆದುಳಿನಲ್ಲಿ ತೆಳ್ಳಗೆ ಗೆರೆ ಗೆರೆ,
ನೆನಪು ಕಟ್ಟುವ ಸುರುಳಿಯಲ್ಲಿ ಚಹಾ ಸೋಸಿದ ಬಟ್ಟೆಯ ಕಲೆ,
ಹಸಿವು ತಿಳಿಯುವ ತಳದಲ್ಲಿ ಚುಕ್ಕಿ ಚುಕ್ಕಿ,
ಮುಂದೆ ಮುಂದೆ ಸರಿಸಿದಂತೆ, ತುದಿಯಲ್ಲಿ,
ವಾಸನೆಯ ಗಡ್ಡೆಯಲ್ಲಿ
ಕಾಕಂಬಿ ಚೆಲ್ಲಿದಷ್ಟು ದಟ್ಟ.

ಹೇಳಲು ಹೋದಾಗ ಅವರು ಅಂಗಿಯ ತುದಿ ಎತ್ತಿ
ಹೊಟ್ಟೆಗೆ ಸೂಜಿ ಚುಚ್ಚಿಕೊಳ್ಳುತ್ತಿದ್ದರು.
ಸೀಸೆ ಮತ್ತೆ ಐಸ್ ಪೆಟ್ಟಿಗೆಗೆ,
ನಾಲ್ಕು ಗುಂಡಿಗೆ, ಒಂದು ಯಕೃತ್ತಿನ ಪಕ್ಕಕ್ಕೆ.
"ಇದೇ ಔಷಧಿಯ ಗಿರಾಕಿ ಕುರಿಯ ತಲೆಯಲ್ಲೂ ಇದ್ದಾನಾ?"
ಇದ್ದಾನೆ.
"ಎಲ್ಲಿ?"
ನನ್ನ ಹುಬ್ಬುಗಳ ನಡುವೆ ಬೆರಳಿಟ್ಟು ತೋರಿಸಿದೆ,
ವಾಸನೆ ತಿಳಿಯುವಲ್ಲಿ ಎಲ್ಲಕ್ಕಿಂತ ಹೆಚ್ಚು.

ಮಸೆಗಲ್ಲಿನ ಮೇಲೆ ಕತ್ತಿ ಎರಡು ಸಲ ಹೋಗಿ ಬಂತು.
"ಅದಕ್ಕೇ," ಎಂದರು.
"ಮೀಯ್ತೀನಿ, ಅತ್ತರು ಹಚ್ತೀನಿ,
ಕತ್ತಿ ಬೆನ್ನ ಹಿಂದೆ ಇಟ್ಕೊಂಡೇ ಹೋಗ್ತೀನಿ.
ಆದ್ರೂ ಅದು ಒಂದು ಹೆಜ್ಜೆ ಹಿಂದೆ ಇಡುತ್ತೆ."

ಹಾಗಲ್ಲ ಸಾಬರೆ, ಎನ್ನಬೇಕಿತ್ತು.
ವಾಸನೆ ಹಿಡಿಯುವ ಪ್ರೋಟೀನುಗಳೇ ಬೇರೆ, ಮೂಗಿನೊಳಗೆ ಇವೆ;
ನನ್ನ ಕಂದು ಎಲ್ಲಿ ಎಂದು ಹೇಳುತ್ತದೆ,
ಯಾಕೆ ಎಂದು ಹೇಳುವುದಿಲ್ಲ.
ಅವರು ಆಗಲೇ ಸೋಪು ಹುಡುಕುತ್ತಿದ್ದರು.

ಈವತ್ತು ಬೇಗ ಬಂದೆ.
ಸಾಬರು ನಮಾಜಿನಿಂದ ಇನ್ನೂ ಬಂದಿಲ್ಲ.
ಹಿಂದಿನ ಅಂಗಳದಲ್ಲಿ ಕಟ್ಟಿದ್ದು ತಲೆ ಎತ್ತಿತು.
ನನ್ನ ಬಿಳಿ ಕೋಟು, ಅದರ ತೋಳಿನ ಫಾರ್ಮಲಿನ್,
ಕೈಯಲ್ಲಿ ಥರ್ಮೋಸು.
ಹೊಳ್ಳೆಗಳು ಅಗಲವಾದವು, ಮತ್ತೊಮ್ಮೆ ಅಗಲವಾದವು.
ಹಗ್ಗ ಬಿಗಿಯಾಗುವ ತನಕ
ಹಿಂದೆ ಸರಿಯಿತು.