ಆರು

ಬುಟ್ಟಿಗೆ ಆರು.
ಆರೇ ಯಾಕೆ ಎಂದು ಕೇಳಿದವರಿಗೆ ಮಾಲಕಿ ಶೆನ್ ಹೇಳುತ್ತಾಳೆ:
ಬುಟ್ಟಿಯನ್ನೇ ಕೇಳಿ.

ನಾನು ಕಿಟಕಿಯ ಬಳಿ ನಿಂತು ನಿರಿಗೆ ಹಿಡಿಯುವವಳು.
ಕಡುಬಿಗೆ ಹದಿನೆಂಟು, ಒಮ್ಮೊಮ್ಮೆ ಹತ್ತೊಂಬತ್ತು,
ಮೊಣಕೈ ನೋಯುವ ದಿನ ಹದಿನಾರು.
ಯಾರೂ ಎಣಿಸುವುದಿಲ್ಲ.

ಸಾರು ಒಳಗೆ ಹೇಗೆ ಹೋಯಿತೆಂದು
ಮಕ್ಕಳು ಗಾಜಿಗೆ ಮೂಗೊತ್ತಿ ಕೇಳುತ್ತವೆ.
ಡಾಕ್ಟರ ಹಾಗೆ ಸೂಜಿ ಚುಚ್ಚುತ್ತೇನೆ ಎಂದುಬಿಡುತ್ತೇನೆ.
ನಿಜ ಹೇಳಿದರೆ ರುಚಿ ಕೆಡುತ್ತದೆ:
ಹಂದಿಯ ಚರ್ಮ ರಾತ್ರಿಯೆಲ್ಲ ಬೆಂದು
ತಣ್ಣಗೆ ಹೆಪ್ಪುಗಟ್ಟಿ
ಬೆಳಗಿಗೆ ಚಾಕುವಿಗೆ ಸಿಗುವಷ್ಟು ಗಟ್ಟಿ.
ಗಟ್ಟಿಯಿದ್ದಾಗ ಕಟ್ಟಿಡಬೇಕು.
ಕರಗುವುದು ಆಮೇಲಿನ ಮಾತು.

ರಸ್ತೆಯಾಚೆ ನೋಂದಣಿ ಕಚೇರಿ.
ಕೂಡುವವರಿಗೂ ಅದೇ ಬಾಗಿಲು, ಬಿಡುವವರಿಗೂ ಅದೇ.
ಮೊದಲು ಬಿಟ್ಟವರ ಪುಸ್ತಕ ಹಸಿರಿತ್ತು,
ಈಗ ಎರಡೂ ಕೆಂಪು.
(ನನ್ನದು ಹಸಿರು.)
ದೂರದಿಂದ ಯಾರು ಯಾವ ಬಗೆ ಎಂದು ತಿಳಿಯದು,
ಶೆನ್‌ಗೆ ಮಾತ್ರ ತಿಳಿಯುತ್ತದೆ.
ಹೊಸಬರು ಒಂದೇ ಬಟ್ಟಲಿನ ವಿನೆಗರಿಗೆ ಅದ್ದುತ್ತಾರೆ,
ಫೋಟೊ ತೆಗೆದು ತೆಗೆದು ಕಡುಬು ತಣಿಸುತ್ತಾರೆ.
ಇನ್ನೊಂದು ಬಗೆಯವರು
ದುಡ್ಡು ಬೇರೆ ಬೇರೆ ಕೊಟ್ಟು
ಸುಡುಸುಡುತ್ತಲೇ ತಿಂದು ಏಳುತ್ತಾರೆ.
ಉಂಡು ಮಲಗುವ ತನಕದ ಜಗಳವಲ್ಲ ಅದು,
ಉಂಡು ಏಳುವ ತನಕದ ಸುಮ್ಮನಿರುವಿಕೆ.

ಆ ಇಬ್ಬರು ಮೊದಲು ಬಂದದ್ದು ಕಳೆದ ತಿಂಗಳು.
ಅವನು ಗ್ಯಾಸ್ ಮೀಟರ್ ಓದುವ ಝು ಮಿಂಗ್‌ದೆ,
ಅಂಗಿಯ ಮೇಲೇ ಹೆಸರು ಹೊಲಿದಿತ್ತು.
ಅವಳು ಕನ್ನಡಕದಂಗಡಿಯ ಪಾನ್; ಶೆನ್‌ಳ ಕನ್ನಡಕ ಅವಳೇ ಕೊಟ್ಟದ್ದು,
ಪರಿಚಯ ತೋರಿಸಲಿಲ್ಲ, ಇವಳೂ ತೋರಿಸಲಿಲ್ಲ.
ಅರ್ಜಿ ಕೊಟ್ಟಾಗಿತ್ತು.
ಇನ್ನು ಮೂವತ್ತು ದಿನ ಆರಬೇಕು, ಸರ್ಕಾರದ ನಿಯಮ.
ಕಡುಬಿಗಾದರೆ ಮೂವತ್ತು ಎಣಿಸಿದರೆ ಸಾಕು.
ಅವನು ಎಣಿಸಲಿಲ್ಲ. ಇಡಿಯಾಗಿ ಬಾಯಿಗಿಟ್ಟ.
ನುಂಗಲೂ ಆಗದೆ ಉಗುಳಲೂ ಆಗದೆ
ಕಣ್ಣಲ್ಲಿ ನೀರು ತುಂಬಿ ಕೂತ.
ಅವಳು ನೋಡಲಿಲ್ಲ,
ಆದರೆ ಅವಳ ಕೈ ನೀರಿನ ಲೋಟವನ್ನು ಅವನತ್ತ ತಳ್ಳಿತು.
ಕೈಗೆ ಅರ್ಜಿಯ ವಿಷಯ ಯಾರೂ ಹೇಳಿರಲಿಲ್ಲ.

ಇವತ್ತು ಮತ್ತೆ ಬಂದರು.
ಎರಡು ಬುಟ್ಟಿ.
ನಮ್ಮ ವೂಶಿಯಲ್ಲಿ ಎಲ್ಲಕ್ಕೂ ಸಕ್ಕರೆ ಹೆಚ್ಚು,
ಹೊರಗಿನವರು ಮುಖ ಕಿವಿಚುತ್ತಾರೆ.
ಅವನು ಹೊರಗಿನವನಿರಬೇಕು, ಶುಂಠಿಯನ್ನೆಲ್ಲ ತಾನೇ ಬಳಿದುಕೊಂಡ.
ಅವನು ಎತ್ತಿದ್ದೆಲ್ಲ ಹರಿಯಿತು,
ಸಾರು ಬುಟ್ಟಿಯ ಬಟ್ಟೆ ಕುಡಿಯಿತು.
ಅವಳು ಬುಟ್ಟಿಯನ್ನು ಅರ್ಧ ಸುತ್ತು ತಿರುಗಿಸಿದಳು,
ಹರಿದವು ತನ್ನ ಕಡೆಗೆ,
ನೆಟ್ಟಗಿದ್ದವು ಅವನ ಕಡೆಗೆ.
ಏನೋ ಅಂದಳು. ಅವನು ನಕ್ಕನೋ ಕೆಮ್ಮಿದನೋ,
ಅಷ್ಟರಲ್ಲಿ ಒಲೆ ಬುಸ್ಸೆಂದಿತು.

ಎರಡನೆಯ ಬುಟ್ಟಿ ಬಂದಾಗ ಅವಳ ಫೋನು ಮಿನುಗಿತು:
ಅವರ ಸರದಿಯ ನಂಬರು.
ಇಬ್ಬರೂ ಎದ್ದರು. ಮುಚ್ಚಳ ತೆರೆದಿರಲಿಲ್ಲ.
ತೆಗೆಯಬೇಡಿ, ಬಂದೆವು ಅಂದ ಅವನು.
ಬಂದೆ ಅಂದನೋ.

ಎಂಬತ್ತೊಂದರ ಬಸ್ಸು ಅಡ್ಡ ನಿಂತಿತು.
ಅದು ಹೋದ ಮೇಲೆ ರಸ್ತೆಯಲ್ಲಿ
ಒಬ್ಬ ಮುದುಕ, ಒಂದು ಸೈಕಲ್ಲು,
ಕಚೇರಿಯ ಬಾಗಿಲ ಕಾವಲಿನವನ ಆಕಳಿಕೆ.

ಹನ್ನೊಂದೂವರೆಗೆ ಕಚೇರಿಯ ಕದ ಮುಚ್ಚಿತು.
ಹನ್ನೆರಡಕ್ಕೆ ನಮ್ಮಲ್ಲಿ ನೂಕುನುಗ್ಗಲು,
ಆ ಮೇಜು ಮಾತ್ರ ಖಾಲಿ. ಶೆನ್ ಯಾರನ್ನೂ ಕೂರಿಸಲಿಲ್ಲ,
ಒಂದು ಗಂಟೆಯ ಬಾಡಿಗೆಯೂ ಲೆಕ್ಕ ಹಾಕುವವಳು!

ಕೊನೆಗೆ ಹೋಗಿ ಮುಚ್ಚಳ ಎತ್ತಿದಳು.
ಏನಾಗಿದೆ ಎಂದೆ ಕಿಟಕಿಯಿಂದ.
ಆರಿದೆ, ಅಂದಳು.

ಎರಡನೇ ಸಲ ಹಬೆ ಕಂಡರೆ ಸಿಪ್ಪೆ ಬಿರಿಯುತ್ತದೆ,
ಸಾರು ನಿಲ್ಲುವುದಿಲ್ಲ.
ಇಪ್ಪತ್ತೆರಡು ವರ್ಷದಿಂದ ಗೊತ್ತು ಅವಳಿಗೆ.
ಆ ಬುಟ್ಟಿಯನ್ನು ಎತ್ತಿ ತಂದು
ಎಲ್ಲದರ ಮೇಲೆ ಇಟ್ಟಳು.